ಛತ್ರದವನ ಒಂದು ಸಾಲು

ಲಿಗೋರಿ ಪಿಂಟೊ ದಿನಾ ಸಂಜೆ ನಮ್ಮ ಹೋಟೆಲಿಗೆ ಬಂದು
ಅರ್ಧ ಚಹಾಕ್ಕೆ ಪೂರ್ತಿ ಒಂದು ಗಂಟೆ ಕೂರುವ ಆಸಾಮಿ.
ಒಂದು ದಿನ ಗಲ್ಲಾದ ಮೇಲೆ ಮೊಣಕೈ ಊರಿ ಹೇಳಿದ:
"ಭುಜಂಗಣ್ಣಾ, ಇಲ್ಲ ಅನ್ನುವುದಕ್ಕೇ ಹುಟ್ಟಿದ ಮುಖ ನಿನ್ನದು.
ಕ್ರಿಸ್ಮಸ್ಸಿಗೆ ಸಂಗೀತ ನಾಟಕ, ಮರೋಳದ ಇಗರ್ಜಿಯಲ್ಲಿ.
ಛತ್ರದ ಯಜಮಾನ ನೀನೇ. ಒಂದೇ ಸಾಲು."

ಸಾಲು ಇದು: ಜಾಗ ಇಲ್ಲ.
ಅದಕ್ಕೂ ರಾಗ ಕಟ್ಟಿದ್ದರು ವಿಲ್ಮಾ ಟೀಚರು,
"ಜಾಗ" ಮೇಲಕ್ಕೆ ಹತ್ತಿ, "ಇಲ್ಲ" ಇಳಿಯಬೇಕು
ಹಗ್ಗ ಬಿಟ್ಟ ಕೊಡ ಬಾವಿಗೆ ಇಳಿದ ಹಾಗೆ.

ರಾತ್ರಿ ಹತ್ತಕ್ಕೆ ತಾಲೀಮು. ಶಟರ್ ಎಳೆದು
ಕೈಯ ಸಾಂಬಾರಿನ ವಾಸನೆ ಸಮೇತ ಓಡುತ್ತಿದ್ದೆ.
ಹೆರೋದ ಅರಸ ವಿಮೆ ಏಜೆಂಟು, ವಿರಾಮದಲ್ಲಿ
ಕುರುಬರಿಗೆ ಪಾಲಿಸಿ ಮಾರುವವನು.
ದೇವದೂತನಿಗೆ ರಾತ್ರಿ ಪಾಳಿ,
ವಾರಕ್ಕೆ ಎರಡೇ ದಿನ ಭೂಮಿಗೆ ಇಳಿಯುತ್ತಿದ್ದ.
ಕುರಿಗಳು ಆರು, ಹಾಸಿಗೆ ಅಂಗಡಿಯ ಹತ್ತಿ ಮೈಗಂಟಿಸಿಕೊಂಡು
ಮೂಲೆಯಲ್ಲಿ ಹೋಂವರ್ಕ್ ಬರೆಯುತ್ತಿದ್ದವು.
ಕತ್ತೆಯ ತಲೆ ಮಾತ್ರ ಸೊಗಸು: ಹಳೇ ಪೇಪರು, ಮೈದಾ ಅಂಟು,
ಬಣ್ಣ ಸಾಲದೆ ಒಂದು ಕಿವಿಯಲ್ಲಿ ಇನ್ನೂ
ಷೇರು ಪೇಟೆಯ ದರ ಓದಬಹುದಿತ್ತು.

"ಸಿಟ್ಟು ಸಾಲದು" ಅಂದ ಲಿಗೋರಿ.
"ಬಸುರಿ ಹೆಂಗಸನ್ನು ಚಳಿಗೆ ದೂಡುವ ದುಷ್ಟ ನೀನು,
ಬಾಗಿಲು ಧಡಾರನೆ ಹಾಕು."
ಎರಡು ಸಲ ಹಾಕಿದೆ. ಪ್ಲೈವುಡ್ಡಿನ ಚಿಲಕ ಕಳಚಿ ನೆಲಕ್ಕೆ ಬಿತ್ತು.
ಮೂರನೆಯ ಸಲ ಮಾತೇ ಹೊರಡಲಿಲ್ಲ.

ಹೇಗೆ ಹೇಳಲಿ ಇವನಿಗೆ,
ಈ ಊರಲ್ಲಿ ಆ ಮಾತನ್ನು ಸಿಟ್ಟಿನಿಂದ ಹೇಳಿದವರನ್ನು
ನಾನು ಕಂಡೇ ಇಲ್ಲವೆಂದು?
ಹದಿನಾಲ್ಕನೇ ವಯಸ್ಸಿಗೆ ಟ್ರಂಕು ಹೊತ್ತು ಬಂದಿಳಿದ ಬೆಳಿಗ್ಗೆ
ದೂರದ ಮಾವ ಅದನ್ನು ಹೇಳಿದ್ದು
ಮೊದಲು ಎರಡು ಇಡ್ಲಿ ತಿನ್ನಿಸಿ,
ಆಮೇಲೆ ಮೇಜು ಒರೆಸುತ್ತಾ, ಒರೆಸಿದಲ್ಲೇ ಒರೆಸುತ್ತಾ.
ಭಾಂಡುಪಿನ ಚಾಳಿನ ಮುದುಕಿ ಹೇಳಿದ್ದು
ನನ್ನ ಊರು, ತಾಯಿ, ತಾಯಿಯ ಉಬ್ಬಸ ಎಲ್ಲ ವಿಚಾರಿಸಿದ ಮೇಲೆ.
ಕಲಿತೆ ನಾನೂ.
ಊರಿಂದ ಚೀಟಿ ಹಿಡಿದು ಬಂದ ಹುಡುಗರಿಗೆ
ಚಿಲ್ಲರೆ ಎಣಿಸುತ್ತಾ ಹೇಳಿದ್ದೇನೆ, ಎಷ್ಟೋ ಸಲ.
ಲೆಕ್ಕ ಒಮ್ಮೆಯೂ ತಪ್ಪಿಲ್ಲ.

ನಾಟಕದ ರಾತ್ರಿ ನಕ್ಷತ್ರ ಎರಡು ಸಲ ಆರಿತು,
ಮೂರನೆಯ ಜ್ಞಾನಿ ಇನ್ನೂ ಜೋಗೇಶ್ವರಿಯ ಟ್ರಾಫಿಕ್ಕಿನಲ್ಲಿ.
ಜೋಸೆಫನ ಪಾತ್ರದ ನೆಲ್ಸನ್ ಬಾಗಿಲು ಬಡಿದ.
ಅವನ ಚಾಳು ಒಡೆಯುವ ನೋಟಿಸು ಬಂದು ತಿಂಗಳಾಗಿತ್ತು.
ತೆರೆದೆ. ಅಂಟಿಸಿದ ಗಡ್ಡ ಬೆವರಿಗೆ ಅರ್ಧ ಬಿಟ್ಟಿತ್ತು.
ಹಾಡಿ ನಿಲ್ಲಿಸಿದ. ವಿಲ್ಮಾ ಟೀಚರು ನನ್ನ ಸ್ವರ ಒತ್ತಿ ಹಿಡಿದು ಕಾದರು.
ಹೆಗಲ ಬೈರಾಸು ತೆಗೆದು ಬಾಗಿಲ ಚೌಕಟ್ಟು ಒರೆಸಿದೆ.
"ಊಟ ಆಯ್ತಾ?" ಅಂದೆ. ಅದು ಬರೆದದ್ದರಲ್ಲಿ ಇರಲಿಲ್ಲ.
"ಜಾಗ ಇಲ್ಲ" ಅಂದೆ, ರಾಗವಿಲ್ಲದೆ.
ಕುರ್ಚಿಯವರು ನಕ್ಕರು. ಹಿಂದೆ ನಿಂತವರು ನಗಲಿಲ್ಲ.
ನೆಲ್ಸನ್ ಎರಡನೇ ಚರಣ ಮರೆತು
"ಆಯ್ತು ಅಣ್ಣಾ" ಎಂದು ತಿರುಗಿದ.
ಪರದೆಯ ಮರೆಯಲ್ಲಿ ಲಿಗೋರಿ ತಲೆಯ ಮೇಲೆ ಕೈ ಹೊತ್ತಿದ್ದ.
ಮೆಲ್ಲಗೆ ಮುಚ್ಚಿದರೂ ಚಿಲಕ ಬಿದ್ದೇ ಬಿತ್ತು.

ಅಂಧೇರಿಯಿಂದ ಕಡೇ ಲೋಕಲ್.
ಕಾಗದದ ಪೊಟ್ಟಣದಲ್ಲಿ ಕುಸ್ವಾರ್, ನೆವ್ರಿ ಪುಡಿಯಾಗಿತ್ತು.
ಮೇರಿಯಾಗಿದ್ದ ಝೀಟಾ ಬಸುರಿನ ದಿಂಬನ್ನು ತಲೆಗಿಟ್ಟು ನಿದ್ದೆ ಹೋದಳು.
ಕತ್ತೆಯ ತಲೆಗೆ ಕಿಟಕಿ ಪಕ್ಕದ ಸೀಟು.
ಬೊರಿವಲಿಯಲ್ಲಿ ಹತ್ತಿದವನೊಬ್ಬ ಅದನ್ನೇ ದಿಟ್ಟಿಸಿ
"ಇದಕ್ಕೆ ಪಾಸ್ ಇದೆಯಾ?" ಅಂದ.
ನಾವು ಸರಿದೆವು. ಮೂವರ ಬೆಂಚಿನ ತುದಿಯಲ್ಲಿ
ಅವನೂ ಒಂದು ಕುಂಡೆಯೂರಿದ.
ಕತ್ತೆ ನನ್ನ ತೊಡೆಗೆ ಬಂತು.

ದಹಿಸರ್ ದಾಟಿದ ಮೇಲೆ ನೆಲ್ಸನ್
ಹೊರಗಿನ ಕತ್ತಲು ನೋಡುತ್ತಾ ಕೇಳಿದ:
"ನಿಮ್ಮ ಹೋಟೆಲಿನ ಮೇಲೆ ಅಟ್ಟ ಒಂದು ಖಾಲಿ ಇದೆಯಂತಲ್ಲ,
ಭುಜಂಗಣ್ಣಾ?"

ಕೇಳಿಸಿತು. ರೈಲಿನ ಸದ್ದೇನೂ ಹೆಚ್ಚಿರಲಿಲ್ಲ.
ನಾನು ಹೆಗಲ ಬೈರಾಸು ತೆಗೆದು
ಕತ್ತೆಯ ಕಿವಿ ಒರೆಸತೊಡಗಿದೆ.